ಕಚಿನರ ಮುಂದೆ ತಲಾಸಿ

ಪೂಜ್ಯ ಹೊನಾನಿ ತಾತನವರು ಮಠ ಕಟ್ಟಿದವರಲ್ಲ, ಶಿಷ್ಯರನ್ನು ಕೂಡಿಸಿದವರೂ ಅಲ್ಲ. ಅಮೆರಿಕದ ಅರಿಜೋನಾ ಸೀಮೆಯಲ್ಲಿ, ಬಂಡೆಯೊಂದರ ನೆತ್ತಿಯ ಮೇಲೆ ಹೋಪಿ ಜನರ ಹಳ್ಳಿ. ಅದರ ಬುಡದ ಮರಳಿನಲ್ಲಿ ತಾತನವರ ಮುಸುಕಿನ ಜೋಳದ ಹೊಲ. ಕಾಲುವೆಯಿಲ್ಲ, ಬಾವಿಯಿಲ್ಲ. ಎಳೆಯ ಪೈರಿಗೆ ಬಿಸಿಗಾಳಿ ತಾಗದಂತೆ ಕಡ್ಡಿಗಳ ಮರೆ ಕಟ್ಟಿ, ಒಂದೊಂದು ಬುಡದ ಬಳಿಯೂ ಕುಳಿತು ಅವರು ಹಾಡುತ್ತಿದ್ದರು.

ಹಿಮಶಿಖರಗಳಲ್ಲಿ ನೆಲೆಸಿರುವ ಪುಣ್ಯಾತ್ಮರನ್ನು ಆ ಜನ ಕಚಿನರೆಂದು ಕರೆಯುತ್ತಾರೆ. ಚಳಿಗಾಲದಲ್ಲಿ ಊರಿಗೆ ಬಂದು, ಬೇಸಿಗೆ ಬಲಿತಾಗ ಮಳೆಗಾಗಿ ಜನ ಸಲ್ಲಿಸಿದ ಪ್ರಾರ್ಥನೆಗಳನ್ನು ಹೊತ್ತು ಅವರು ಮೋಡಗಳ ಬಳಿಗೆ ಮರಳುತ್ತಾರೆ. ಹೊರಡುವ ದಿನ ಹೆಣ್ಣುಮಕ್ಕಳಿಗೆ ತಮ್ಮ ರೂಪದ ಮರದ ಬೊಂಬೆಗಳನ್ನು ಕೊಟ್ಟು ಹೋಗುತ್ತಾರೆ. ಕಚಿನರನ್ನು ಬರಮಾಡಿಕೊಂಡು, ಬೀಳ್ಕೊಡುವ ಹೊಣೆ ತಾತನವರದಾಗಿತ್ತು.

ಆ ವರ್ಷ ಬೀಳ್ಕೊಡುಗೆ ಹತ್ತಿರವಾದಾಗ, ಬೆನ್ನಿಗೆ ಕೂಸು ಕಟ್ಟಿಕೊಂಡು ತಲಾಸಿ ಎಂಬ ಹೆಣ್ಣುಮಗಳು ಹೊಲಕ್ಕೆ ಇಳಿದು ಬಂದಳು. ಚಿಕ್ಕಂದಿನಲ್ಲೇ ಅವಳನ್ನು ಸರ್ಕಾರದವರು ಗಾಡಿಗೆ ಹತ್ತಿಸಿ ದೂರದ ಶಾಲೆಗೆ ಒಯ್ದಿದ್ದರು. ಅಲ್ಲಿ ಜಡೆ ಕತ್ತರಿಸಿದರು. ಮನೆಮಾತು ಆಡಿದರೆ ಬಾಯಿಗೆ ಸೋಪು ತಿಕ್ಕಿದರು. ಅವಳ ಬೊಂಬೆಯನ್ನು ಸೈತಾನನೆಂದು ಒಲೆಗೆ ಹಾಕಿದ ದಿನ ಅವಳು ಅಳಲಿಲ್ಲ. ಅಳದಿದ್ದಕ್ಕೆ ಶಭಾಷ್ ಅನ್ನಿಸಿಕೊಂಡಳು. ಈಗ ಊರಿಗೆ ಮರಳಿದ್ದರೂ ಇಂಗ್ಲಿಷು ಬೆರೆಸದೆ ಮಾತು ಮುಂದೆ ಸಾಗುತ್ತಿರಲಿಲ್ಲ.

"ತಾತ, ನನ್ನ ಮಗಳಿಗೆ ಬೊಂಬೆ ಬೇಡ ಅಂತ ಕಚಿನರಿಗೆ ಹೇಳಿಬಿಡಿ. ಮರದ ತುಂಡಿಗೆ ಕೈಮುಗಿಯೋದನ್ನ ಅವಳು ಕಲೀಬಾರದು."

ತಾತನವರು ಹಾಡು ನಿಲ್ಲಿಸಿದರು. "ಕೈಮುಗಿಯೋಕೆ ಯಾರು ಕೊಡ್ತಾರೆ ತಾಯಿ? ನಮ್ಮೋರ ಮುಖ ಮಗೂಗೆ ಗುರುತು ಸಿಗಬೇಡವೇ?"

ತಲಾಸಿಯ ಎದೆ ಉರಿಯಿತು. "ನನ್ನನ್ನ ಗಾಡಿಗೆ ಹತ್ತಿಸಿದಾಗ ನಿಮ್ಮ ಕಚಿನರು ಎಲ್ಲಿದ್ದರು? ಬೊಂಬೆ ಉರಿಯುವಾಗ ಯಾರು ಬಂದರು?"

ತಾತನವರ ಕಣ್ಣಂಚು ಒದ್ದೆಯಾಗಿದ್ದನ್ನು ಅವಳು ಕಂಡಳು.

"ಶಾಲೆಯೋರು ಸುಟ್ಟದ್ದು ಮರವನ್ನಷ್ಟೇ," ಎಂದರು. "ಬೇಡ ಅನ್ನೋದು ನಿನ್ನ ಹಕ್ಕು. ಕಚಿನರೆದುರಿಗೆ ನೀನೇ ಹೇಳು. ಆದರೆ ನಮ್ಮ ಮಾತಲ್ಲಿ ಹೇಳಮ್ಮ. ಅವರಿಗೆ ಬೇರೆ ಮಾತು ಬರೋದಿಲ್ಲ."

ಮುಂದಿನ ದಿನಗಳಲ್ಲಿ ಬೀಸುಗಲ್ಲಿನ ಮುಂದೆ ಕೂತು ತಲಾಸಿ ನಾಲ್ಕು ಮಾತು ಜೋಡಿಸಿದಳು. ಒಯ್ಯಿರಿ, ಬೇಡ, ನನ್ನ ಮಗಳಿಗೆ ಇದು ಬೇಡ. ನಾಲಿಗೆ ತೊಡರಿದಾಗಲೆಲ್ಲ ಸಿಟ್ಟು ಹೆಚ್ಚುತ್ತಿತ್ತು.

ಆ ದಿನ ಬಂತು. ಮಾಳಿಗೆಗಳ ಮೇಲೆಲ್ಲ ಜನ. ಹಸಿರು ಜೋಳದ ದಂಟುಗಳನ್ನು ತೋಳತುಂಬ ಹೊತ್ತು ಕಚಿನರು ಅಂಗಳಕ್ಕೆ ಇಳಿದರು. ಗೆಜ್ಜೆಯ ಸದ್ದಿಗೆ ಬಂಡೆಯೇ ದನಿಗೂಡಿಸಿದಂತಿತ್ತು. ತಾತನವರು ಮುಂದೆ ನಡೆಯುತ್ತ ಜೋಳದ ಹಿಟ್ಟು ಚೆಲ್ಲಿ ದಾರಿ ಹಾಸುತ್ತಿದ್ದರು. ಕಚಿನರೊಬ್ಬರು ಸಾಲು ಬಿಟ್ಟು ಕೂಸನ್ನು ಎದೆಗೆ ಕಟ್ಟಿಕೊಂಡು ನಿಂತಿದ್ದ ತಲಾಸಿಯ ಎದುರಿಗೆ ನೇರ ಬಂದು ನಿಂತರು. ದಂಟಿಗೆ ಕಟ್ಟಿದ್ದ ಪುಟ್ಟ ಬೊಂಬೆಯನ್ನು ಕೂಸಿನ ಕಡೆಗೆ ನೀಡಿದರು.

ತಲಾಸಿ ಬಾಯಿ ತೆರೆದಳು. ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಬರಲಿಲ್ಲ. ಬಂದದ್ದು ಬೇರೆಯದೇ.

"ಅಸ್ಕ್ವಾಲಿ."

ಹೋಪಿ ಹೆಂಗಸರು ಉಪಕಾರ ನೆನೆಯುವ ಮಾತದು. ಕಲಿಸಿದ್ದ ಅಜ್ಜಿ ಸತ್ತು ಎಷ್ಟೋ ವರ್ಷವಾಗಿತ್ತು. ಸೋಪಿಗೂ ತೊಳೆದುಹೋಗದೆ, ಒಂದಕ್ಷರವೂ ಸವೆಯದೆ, ಆ ಮಾತು ಇಷ್ಟು ಕಾಲ ಅವಳೊಳಗೇ ಕುಳಿತಿತ್ತು! ತನ್ನ ಬಾಯಿಂದ ಅದನ್ನು ಕೇಳಿ ತಲಾಸಿಯ ಬೆನ್ನು ನೆಟ್ಟಗಾಯಿತು. ಬೊಂಬೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮಗಳ ಎದೆಗೊತ್ತಿ, ಅಂದು ಅಳದೆ ಬಿಟ್ಟದ್ದನ್ನೆಲ್ಲ ಊರೆದುರಿಗೆ ನಿಂತು ಅತ್ತಳು. ತಾತನವರು ಅವಳ ಪಾದದ ಮುಂದೊಂದು ಹಿಡಿ ಹಿಟ್ಟು ಚೆಲ್ಲಿ ಮುನ್ನಡೆದರು.

ಮಳೆ ಬಂತೇ ಎಂದು ಕೇಳುವವರುಂಟು. ಬಂತು. ಆದರೆ ಆ ಊರಿನವರು ಈ ಕಥೆ ಹೇಳುವಾಗ ಮಳೆಯನ್ನು ಮರೆತೇಬಿಡುತ್ತಾರೆ.

ಮುಂದೆ ಹೊರಗಿನವರು ಅವಳ ಮನೆಗೋಡೆಯ ಮೇಲಿನ ಬೊಂಬೆಗಳನ್ನು ತೋರಿಸಿ, "ಇವೆಲ್ಲ ನಿಮ್ಮ ದೇವರುಗಳೇ?" ಎಂದರೆ ತಲಾಸಿ ತಲೆಯೆತ್ತಿ ನಗುತ್ತಿದ್ದಳು. "ದೇವರಲ್ಲ ಸ್ವಾಮಿ, ನಮ್ಮ ನೆಂಟರು. ಕೂತ್ಕೊಳ್ಳಿ, ಹೆಸರು ಹೇಳ್ತೀನಿ." ಒಂದೊಂದನ್ನೇ ತನ್ನ ಮಾತಿನಲ್ಲಿ ಹೇಳುತ್ತ ಹೋಗುವಳು. ಎಲ್ಲಾದರೂ ಉಚ್ಚಾರ ಜಾರಿದರೆ ಪಕ್ಕದಲ್ಲಿ ನಿಂತ ಮಗಳು ಥಟ್ಟನೆ ತಿದ್ದುವಳು. ಹಾಗೆ ತಿದ್ದಿಸಿಕೊಂಡಾಗಲೆಲ್ಲ ಆ ತಾಯಿಯ ಮುಖ ನೋಡಬೇಕಿತ್ತು!