ಸದ್ದು ನಿಂತ ಕ್ಯೂಬು

“ಗುರುಗಳೇ, ಅತ್ತಿಗೆ ತೀರಿಕೊಂಡಾಗಿನಿಂದ ನಮ್ಮಣ್ಣ ಎಲ್ಲದಕ್ಕೂ ಜಗಳ ತೆಗೆಯುತ್ತಿದ್ದ. ಈಗ ಅವನು ಏನೆಂದರೂ ‘ನೀನು ಹೇಳಿದ್ದೇ ಸರಿ’ ಅಂದುಬಿಡುತ್ತೇನೆ. ಎರಡು ವಾರದಿಂದ ಮನೆಯಲ್ಲಿ ಸದ್ದೇ ಇಲ್ಲ. ನಾನು ಮಾಡಿದ್ದು ಸರಿ ತಾನೇ?” ಎಂದು ಶಿಷ್ಯ ಚೆನ್ನವೀರ ಕೇಳಿದ.

ಹೊಗಳಿಸಿಕೊಳ್ಳಲೆಂದೇ ಬಂದಿದ್ದ. ಗುರುಗಳು ಹೊಗಳಲಿಲ್ಲ, ಕತೆ ಹೇಳಿದರು.

ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಅವಳ ತಂದೆಗೆ ಕಣ್ಣು ಹೋಗಿತ್ತು. ತಿರುಗಿಸಿ ಬಣ್ಣ ಕೂಡಿಸುವ ಪ್ಲಾಸ್ಟಿಕ್ ಕ್ಯೂಬೊಂದು ಸದಾ ಅವನ ಕೈಯಲ್ಲಿರುತ್ತಿತ್ತು. ಬಣ್ಣ ಕಾಣದವನಿಗೆಂದು ಅವನ ಹೆಂಡತಿ, ಬದುಕಿದ್ದಾಗ, ಅದರ ಆರು ಮುಖಗಳಿಗೂ ಆರು ಬಗೆಯ ಬಟ್ಟೆಯ ಚೂರುಗಳನ್ನು ಅಂಟಿಸಿಕೊಟ್ಟಿದ್ದಳು. ಒಂದಕ್ಕೆ ಖಾದಿ, ಒಂದಕ್ಕೆ ರೇಷ್ಮೆ, ಒಂದಕ್ಕೆ ಮಖಮಲ್ಲು, ಹೀಗೆ. ಬೆರಳಾಡಿಸಿದರೆ ಅವನಿಗೆ ಅವಳು ಸಿಗುತ್ತಿದ್ದಳು. ಅವನಿಗೆ ಉಳಿದಿದ್ದುದು ಅದೊಂದೇ.

ಕ್ಯೂಬು ಹಳತಾಗಿ ಬಿಗಿಯಾಯಿತು. ದಿನವಿಡೀ ಕಿರ್ರ್, ಕಿರ್ರ್. ಮುದುಕನ ಬೆರಳು ನೋಯುತ್ತಿತ್ತು, ಮಗಳ ತಲೆ ಸಿಡಿಯುತ್ತಿತ್ತು. ಅವಳು ಆಟಿಕೆ ಅಂಗಡಿಯವನನ್ನು ಕೇಳಿದಳು.

“ಸಿಲಿಕೋನ್ ಎಣ್ಣೆ ತರಿಸಿಕೊಡ್ತೀನಿ ಅಕ್ಕಾ. ಅದನ್ನೂ ಮೊದಲು ಒಳಗಡೆ ಒಂದೇ ತೊಟ್ಟು ಹಾಕಿ ಎಂಟು ದಿನ ನೋಡಿ,” ಎಂದ ಅವನು.

“ಎಂಟು ದಿನ ಯಾರಪ್ಪ ಕಾಯ್ತಾರೆ? ನನ್ನ ಮಿಷನ್ನು ಇಪ್ಪತ್ತು ವರ್ಷದಿಂದ ಮಿಷನ್ ಎಣ್ಣೆ ಕುಡೀತಿದೆ, ಏನೂ ಆಗಿಲ್ಲ.”

“ಮಿಷನ್ನು ಕಬ್ಬಿಣದ್ದು ಅಕ್ಕಾ. ಇದು ಪ್ಲಾಸ್ಟಿಕ್ಕು.”

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಗೆ ಬಂದು ಮಿಷನ್ನಿನ ಎಣ್ಣೆಯನ್ನೇ ಸಂದುಸಂದಿಗೂ ಬಿಟ್ಟಳು. ಸದ್ದು ಆ ಕ್ಷಣಕ್ಕೇ ನಿಂತಿತು. ಅವಳ ಜೀವ ಹಗುರಾಯಿತು. ಅವಳ ಜಾಗದಲ್ಲಿ ನಾನಿದ್ದರೂ ಹಿಗ್ಗುತ್ತಿದ್ದೆ.

ನಾಲ್ಕನೆಯ ದಿನ ತಂದೆ ಹೇಳಿದ: “ಮಗಾ, ನಾನು ತಿರುಗಿಸೋಕೆ ಮುಂಚೆನೇ ಇದು ತಿರುಗುತ್ತೆ. ಒಳಗೆ ಯಾರೋ ಇದ್ದಾರೆ.” ಅವಳು ನಕ್ಕಳು. ಆರನೆಯ ದಿನ, “ನಿಮ್ಮಮ್ಮ ಜಾರ್ತಿದ್ದಾಳೆ,” ಎಂದ. ವಯಸ್ಸಾಯಿತು, ಏನೇನೋ ಆಡುತ್ತಾನೆ ಎಂದುಕೊಂಡಳು. ಆಮೇಲೆ ಅವನು ಏನೂ ಹೇಳಲಿಲ್ಲ. ಸದ್ದಿಲ್ಲವೆಂದರೆ ಸುಖವಾಗಿದ್ದಾನೆ ಎಂದು ಅವಳು ತಟ್ಟೆಯನ್ನು ಅವನ ಕೋಣೆಯ ಬಾಗಿಲಲ್ಲೇ ಇಟ್ಟು ಹೊಲಿಯಲು ಕೂರುತ್ತಿದ್ದಳು.

ಒಂದು ಮಧ್ಯಾಹ್ನ ತಟ್ಟೆ ಇಟ್ಟಲ್ಲೇ ಇತ್ತು. ಒಳಗೆ ಹೋದಳು. ತಂದೆ ಕಿಟಕಿಯ ಕಡೆ ಮುಖ ಮಾಡಿ, ಎಂದಿನಂತೆ ತಿರುಗಿಸುತ್ತ ಕುಳಿತಿದ್ದ. ಹತ್ತಿರ ಹೋಗಿ ನೋಡಿದಳು. ಎಣ್ಣೆ ಪ್ಲಾಸ್ಟಿಕ್ಕನ್ನು ಒಳಗೊಳಗೇ ಸೀಳಿತ್ತು. ಒಡೆದ ತುಂಡುಗಳೂ ಬಿಟ್ಟುಕೊಂಡ ಬಟ್ಟೆಯ ಚೂರುಗಳೂ ಅವನ ಕಾಲ ಬಳಿ ಬಿದ್ದಿದ್ದವು. ಅವುಗಳ ಮೇಲೆ ಆಗಲೇ ಧೂಳು ಕೂತಿತ್ತು. ಅವನ ಕೈಯಲ್ಲಿ ಏನೂ ಇರಲಿಲ್ಲ. ಬೆರಳುಗಳು ಮಾತ್ರ ತಿರುಗಿಸುತ್ತಲೇ ಇದ್ದವು.

“ಅಪ್ಪಾ,” ಎಂದಳು. ಅವನು ತಲೆ ಎತ್ತಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಆಮೇಲೆ?” ಎಂದ ಚೆನ್ನವೀರ.

“ಈ ಹೊತ್ತಿನಲ್ಲಿ ನಿನ್ನ ಅಣ್ಣ ಮನೆಯಲ್ಲಿ ಏನು ಮಾಡುತ್ತಿದ್ದಾನೆ?”