ಬಣ್ಣಗಾರನು ಕೇಳಿದ ಅರ್ಧ ಪ್ರಶ್ನೆ

"ಗುರುಗಳೇ, ನನ್ನ ಬಳಿ ದುಡಿಯುವವರಿಗೆ ಕೂಲಿಯನ್ನು ಪೂರ್ತಿ ಕೈಗೇ ಕೊಡುತ್ತೇನೆ. ಅದರಲ್ಲಿ ಒಂದು ಪಾಲು ಹಿಡಿದು ಸರಕಾರಕ್ಕೆ ಕಟ್ಟುವುದು ಅವರಿಗೂ ಬೇಡ, ನನಗೂ ಬೇಡ. ಇಬ್ಬರಿಗೂ ಒಪ್ಪಿಗೆಯಿರುವಾಗ ಇದರಲ್ಲಿ ಯಾರಿಗೆ ಅನ್ಯಾಯ?"

ಹೀಗೆ ಕೇಳಿದವನು ಚೆನ್ನವೀರ. ಊದುಬತ್ತಿ ಮಾಡಿಸಿ ಮಾರುವುದು ಅವನ ಕಸುಬು. ವಾದ ಹೂಡಬೇಕೆಂದು ಅವನು ಬಂದಿರಲಿಲ್ಲ. ಉತ್ತರ ಏನಿದ್ದೀತೆಂಬ ಕುತೂಹಲ ಅವನಿಗೆ ನಿಜವಾಗಿಯೂ ಇತ್ತು. ಗುರುಗಳು ಕತೆ ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ನೂಲಿಗೆ ಬಣ್ಣ ಹಾಕುವವನೊಬ್ಬನಿದ್ದನು. ಒಳ್ಳೆಯವನು. ವಾರದ ಕೂಲಿಯನ್ನು ಒಂದು ದಿನವೂ ತಡಮಾಡಿದವನಲ್ಲ. ಆ ನಾಡಿನಲ್ಲಿ ಒಂದು ಕಟ್ಟಳೆಯಿತ್ತು. ಧಣಿಯಾದವನು ಪ್ರತಿ ಆಳಿನ ಕೂಲಿಯಿಂದ ಒಂದು ಪಾಲು ಹಿಡಿಯಬೇಕು, ಅಷ್ಟೇ ಪಾಲನ್ನು ತನ್ನ ಗಂಟಿನಿಂದ ಸೇರಿಸಬೇಕು, ಆ ಆಳಿನ ಹೆಸರು ಬರೆದು ತಿಂಗಳು ಮುಗಿಯುವುದರೊಳಗೆ ಬೊಕ್ಕಸಕ್ಕೆ ಕಟ್ಟಬೇಕು. ಹೆಸರು ಇದ್ದವರಿಗೆ ಕಾಯಿಲೆಯೋ ಗಾಯವೋ ಆದರೆ ಎದ್ದು ಓಡಾಡುವ ತನಕ ಬೊಕ್ಕಸವೇ ಅವರಿಗೆ ಅರ್ಧ ಕೂಲಿ ಕೊಡುತ್ತಿತ್ತು.

ಬಣ್ಣಗಾರನು ಮೊದಲು ಮೂವರನ್ನು ಇಟ್ಟುಕೊಂಡು ಕೆಲಸ ಶುರುಮಾಡಿದನು. ಮೂವರ ಹೆಸರನ್ನೂ ಬರೆದು ನಿಯಮದಂತೆ ಕಟ್ಟುತ್ತ ಬಂದನು. ಕೆಲಸ ಹೆಚ್ಚಿತು, ಇನ್ನೂ ನಾಲ್ವರು ಬಂದರು. ಅಷ್ಟು ಹೊತ್ತಿಗೆ ಅವನಿಗೆ ಕಟ್ಟುವುದು ಭಾರವೆನಿಸತೊಡಗಿತ್ತು. ಹೊಸಬರನ್ನು ಒಬ್ಬೊಬ್ಬರನ್ನಾಗಿ ಕರೆದು, ಕೂಲಿಯಲ್ಲಿ ಒಂದು ಪಾಲು ಹಿಡಿಯಲೋ, ಪೂರ್ತಿ ಕೊಡಲೋ ಎಂದು ಕೇಳಿದನು. ಪೂರ್ತಿ ಕೊಡಿ ಎಂದು ನಾಲ್ವರೂ ಅಂದರು. ಅವರು ಬೇಡವೆಂದ ಮೇಲೆ ತನ್ನದೇನು ತಪ್ಪು ಎಂದು ಅವನು ನೆಮ್ಮದಿಯಾಗಿದ್ದನು. ಪುಸ್ತಕದಲ್ಲಿ ಮೂರೇ ಹೆಸರು ಉಳಿದವು.

ಆರು ವರ್ಷ ಹೀಗೇ ನಡೆಯಿತು. ಒಂದು ದಿನ ಒಲೆಯ ಕಲ್ಲು ಜರುಗಿ, ಕುದಿಯುವ ಬಣ್ಣದ ಕಡಾಯಿ ವಾಲಿ, ನೂಲು ಅದ್ದುತ್ತಿದ್ದ ಹೆಂಗಸಿನ ಎರಡು ಕಾಲೂ ಸುಟ್ಟವು. ನಾಲ್ವರು ಹೊಸಬರಲ್ಲಿ ಅವಳೂ ಒಬ್ಬಳು. ಬಣ್ಣಗಾರನು ಗಾಬರಿಯಾಗಿ ತಾನೇ ಅವಳನ್ನು ಗಾಡಿಯಲ್ಲಿ ವೈದ್ಯರ ಮನೆಗೆ ಒಯ್ದನು. ತಿಂಗಳಾದ ಮೇಲೆ ಅವಳನ್ನು ಕೂರಿಸಿಕೊಂಡು ಬೊಕ್ಕಸದ ಕಚೇರಿಗೂ ಹೋದನು. ಇವಳು ಆರು ವರ್ಷದಿಂದ ನನ್ನಲ್ಲಿ ದುಡಿಯುತ್ತಿದ್ದಾಳೆ, ಅರ್ಧ ಕೂಲಿ ಕೊಡಿಸಿ ಎಂದು ಬೇಡಿಕೊಂಡನು.

ಅಧಿಕಾರಿ ಪುಸ್ತಕ ತೆರೆದು ನೋಡಿದನು. "ಆರು ವರ್ಷದಿಂದ ತಿಂಗಳು ತಿಂಗಳೂ ನೀವೇ ನಿಮ್ಮ ಕೈಯಾರೆ ಮೂವರೇ ಎಂದು ಬರೆದುಕೊಟ್ಟಿದ್ದೀರಿ. ಈಗ ಹೇಳುತ್ತಿರುವುದನ್ನು ನಂಬಲೋ, ಬರೆದದ್ದನ್ನು ನಂಬಲೋ?" ಎಂದನು. ಬಳಿಕ ಕಟ್ಟಳೆಯನ್ನು ಮೊದಲಿನಿಂದ ಕೊನೆಯವರೆಗೆ ಇಬ್ಬರಿಗೂ ಓದಿ ಹೇಳಿದನು.

ಇಬ್ಬರೂ ಗಾಡಿಯಲ್ಲಿ ಹಿಂದಿರುಗುತ್ತ ಅರ್ಧ ದಾರಿಗೆ ಬಂದಿದ್ದರು. ಬಣ್ಣಗಾರನಿಗೆ ತಡೆಯಲಾಗಲಿಲ್ಲ. "ನೀನೇ ಬೇಡ ಅಂದಿದ್ದೆಯಲ್ಲ, ತಾಯಿ," ಎಂದನು.

"ಅಂದಿದ್ದೆ," ಎಂದಳು ಹೆಂಗಸು. "ನನ್ನ ಕೂಲಿಯಲ್ಲಿ ಹಿಡಿಯಲೋ ಬಿಡಲೋ ಅಂತ ಕೇಳಿದಿರಿ, ಬಿಡಿ ಅಂದೆ. ನಾನೊಂದು ಪಾಲು ಕೊಟ್ಟರೆ ನೀವೊಂದು ಪಾಲು ಹಾಕಬೇಕಿತ್ತು ಅನ್ನೋದು ನನಗೆ ಇವತ್ತು ಗೊತ್ತಾಯಿತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನನ್ನು ಹೆಚ್ಚು ನೋಯಿಸಿತು. ಅಂದು ತಾನು ಕೇಳಿದ ಮಾತನ್ನು ಅವನು ದಾರಿಯುದ್ದಕ್ಕೂ ನೆನೆಸಿಕೊಂಡನು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಮರುದಿನ ಅವನು ಬಿಟ್ಟುಹೋಗಿದ್ದ ನಾಲ್ವರ ಹೆಸರನ್ನೂ ಬರೆಸಿದನು. ಹಳೆಯ ಬಾಕಿಗೆ, ದಂಡಕ್ಕೆ ದೊಡ್ಡ ಕಡಾಯಿಗಳೆರಡನ್ನು ಮಾರಿದನು. ನಡೆದುಹೋದ ಅಪಘಾತಕ್ಕೆ ಬೊಕ್ಕಸ ಏನೂ ಕೊಡಲಿಲ್ಲ. ಹೆಂಗಸು ಕೋಲು ಹಿಡಿದು ನಡೆಯುವಂತಾಗಲು ಹದಿನಾಲ್ಕು ತಿಂಗಳು ಬೇಕಾಯಿತು; ಅಷ್ಟೂ ತಿಂಗಳು ಅವನೇ ಅರ್ಧ ಕೂಲಿ ಕೊಟ್ಟನು. ಕೆಲಸದವರನ್ನೆಲ್ಲ ಕೂರಿಸಿ, ನಿಮ್ಮದು ಇಷ್ಟು, ನನ್ನದು ಇಷ್ಟು, ಸೇರಿಸಿ ಕಟ್ಟುವುದು ಇಷ್ಟು ಎಂದು ಬಿಡಿಸಿ ಹೇಳಿದನು. ಕೈಗೆ ಬರುವ ಕೂಲಿ ಕಡಿಮೆಯಾಗುವುದೆಂದು ಗೊತ್ತಾದ ಮೇಲೂ ಒಬ್ಬರೂ ಗೊಣಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನಿಗೆ ಒಂದು ಸಂಗತಿ ಮಾತ್ರ ಬಗೆಹರಿಯಲಿಲ್ಲ.

"ತನ್ನ ಪಾಲಿನ ವಿಷಯವನ್ನು ಬಣ್ಣಗಾರ ಮರೆತು ಹೇಳಲಿಲ್ಲವೋ, ಬೇಕೆಂದೇ ಹೇಳಲಿಲ್ಲವೋ?" ಎಂದು ಕೇಳಿದನು.

ಗುರುಗಳು ಹೇಳಿದರು: "ಈಗ ನನ್ನನ್ನು ಪ್ರಶ್ನೆ ಕೇಳುವಾಗ ನೀನೂ ನಿನ್ನ ಪಾಲಿನ ವಿಷಯ ಹೇಳಲಿಲ್ಲ, ಏಕೆಂದು ನೀನೇ ಹೇಳು."