ಕಲಾಯಿ ಮೋದಿನಸಾಬನ ರೈಲು

ಬಹಳ ಹಿಂದೆ, ಯಾವ ಇಸವಿ ಅಂತ ಮಾತ್ರ ಕೇಳಬೇಡಿ, ಹಿರೇಕೊಡಗಲಿ ಅನ್ನುವ ಊರಲ್ಲಿ ಮೋದಿನಸಾಬ ಅಂತ ಒಬ್ಬನಿದ್ದ. ಪಾತ್ರೆಗೆ ಕಲಾಯಿ ಹಾಕುವುದು ಅವನ ಕಸುಬು. ಕೆಂಡಕ್ಕೆ ಗಾಳಿ ಊದುವ ತಿದಿ ಹೆಗಲಿಗೇರಿಸಿ ಊರೂರು ತಿರುಗುತ್ತಿದ್ದ. ಅವನು ಕಲಾಯಿ ಹಾಕಿದ ತಪ್ಪೇಲಿಯಲ್ಲಿ ಮುಖ ನೋಡಿಕೊಂಡು ಹೆಂಗಸರು ಕುಂಕುಮ ಇಟ್ಟುಕೊಳ್ಳುತ್ತಿದ್ದರಂತೆ. ನಮ್ಮಜ್ಜಿ ಹಾಗೆ ಹೇಳುತ್ತಿದ್ದಳು.

ಅವನು ಇನ್ನೂ ಎಳೆಯ ಹುಡುಗನಾಗಿದ್ದಾಗ ನಮ್ಮ ಕಡೆ ಒಂದು ಸಣ್ಣ ರೈಲು ಓಡುತ್ತಿತ್ತು. ಎಂಟು ಊರು, ಎಂಟು ಟೇಶನ್ನು. ಮೋದಿನಸಾಬನ ಅಪ್ಪ ಇಮಾಮಸಾಬ ಅದರ ಎಂಜಿನ್ನಿಗೆ ಕಲ್ಲಿದ್ದಲು ಎತ್ತಿ ಹಾಕುತ್ತಿದ್ದ. ಒಂದು ಬೇಸಿಗೆಯಲ್ಲಿ ಹಳಿ ಕಿತ್ತರು. ಎಂಜಿನ್ನು, ಡಬ್ಬಿ ಎಲ್ಲ ಎಲ್ಲಿಗೋ ಹೋದವು. ಹಳಿಯ ಕೆಳಗಿನ ಮರದ ದಿಮ್ಮಿಗಳನ್ನು ಜನ ಹೊತ್ತೊಯ್ದು ತಂತಮ್ಮ ಬಾಗಿಲ ಮೇಲೆ ತೊಲೆಯಾಗಿ ಹಾಕಿಕೊಂಡರು. ಒಂದು ಫೋಟೋ ಕೂಡ ಉಳಿಯಲಿಲ್ಲ.

ವರ್ಷಗಳು ಕಳೆದವು. ಪರವೂರಿಂದ ಬಂದ ಒಬ್ಬ ಮಾಸ್ತರ ಶಾಲೆಯಲ್ಲಿ ನಕ್ಷೆ ಬಿಡಿಸಿ, ಇಲ್ಲಿ ರೈಲೇ ಇರಲಿಲ್ಲ, ಮುದುಕರು ಕಥೆ ಕಟ್ಟುತ್ತಾರೆ ಅಂದನಂತೆ. ಮಕ್ಕಳು ಮನೆಗೆ ಬಂದು ಅದನ್ನೇ ಹೇಳಿದರು. ಅದು ಮೋದಿನಸಾಬನ ಕಿವಿಗೂ ಬಿತ್ತು. ತೀರಿಹೋದ ಅಪ್ಪನ ಅಂಗೈ ಮೇಲಿನ ಸುಟ್ಟ ಕಲೆಗಳನ್ನು ಅವನು ಕಣ್ಣಾರೆ ಕಂಡವನು. ಆ ರೈಲನ್ನು ತಗಡಿನಲ್ಲಿ ಮಾಡಿಯೇ ತೀರುತ್ತೇನೆ ಅಂತ ಹಟ ಹಿಡಿದ.

ತಗಡಿನ ರೈಲು ಮಾಡುವುದು ದೊಡ್ಡ ಮಾತಲ್ಲ. ಹೇಗಿತ್ತೋ ಹಾಗೇ ಮಾಡುವುದು ದೊಡ್ಡದು. ಅದಕ್ಕೆ ಅವನೊಂದು ಕಟ್ಟಳೆ ಹಾಕಿಕೊಂಡ. ಒಬ್ಬರಿಗೊಬ್ಬರು ಗುರುತಿಲ್ಲದ ಇಬ್ಬರು ಒಂದೇ ಮಾತು ಹೇಳಿದರೆ ಮಾತ್ರ ತಗಡಿಗೆ ಕತ್ತರಿ ಹಾಕಬೇಕು. ಎಂಟೂ ಊರಲ್ಲಿ ತಿದಿ ಒತ್ತುತ್ತ ಕೇಳಿದ, ತಪ್ಪೇಲಿ ತಿಕ್ಕುತ್ತ ಕೇಳಿದ.

ಹಳಿಗಳ ನಡುವಿನ ಅಗಲ ಯಾರಿಗೂ ನೆನಪಿರಲಿಲ್ಲ. ಮನೆಮನೆಗೆ ಹೋಗಿ, ಏಣಿ ಹತ್ತಿ, ಬಾಗಿಲ ಮೇಲಿನ ದಿಮ್ಮಿಯಲ್ಲಿ ಉಳಿದಿದ್ದ ಮೊಳೆಯ ತೂತುಗಳ ನಡುವೆ ದಾರ ಹಿಡಿದು ಅಳೆದ. ನಲವತ್ತು ಮನೆಯಲ್ಲಿ ಅಳೆದನಂತೆ, ನಲವತ್ತರಲ್ಲೂ ಅದೇ ಅಳತೆ ಬಂತಂತೆ. ಟೇಶನ್ನಿನಲ್ಲಿ ಶೇಂಗಾ ಮಾರುತ್ತಿದ್ದ ನಿಂಬೆವ್ವನನ್ನು ಹುಡುಕಿ, ಡಬ್ಬಿಗೆ ಎಷ್ಟು ಕಿಟಕಿ ಅಂತ ಕೇಳಿದ.

"ಒಂಬತ್ತಪಾ ಮೋದಿನ," ಅಂದಳು ಆ ಮುದುಕಿ. "ಗಾಡಿ ಬಿಡೂದ್ರಾಗ ಒಂಬತ್ತಕ್ಕೂ ಶೇಂಗಾ ಮುಟ್ಟಿಸಬೇಕಿತ್ತು. ಹತ್ತನೇದು ಇದ್ದಿದ್ರ ನನ್ನ ಕಾಲಿಗೆ ಗೊತ್ತಾಗ್ತಿದ್ದಿಲ್ಲೇನು?"

ಬೇರೆ ಊರಿನ ಇನ್ನೊಬ್ಬರೂ ಒಂಬತ್ತೇ ಅಂದ ಮೇಲೆ ಕಿಟಕಿ ಕತ್ತರಿಸಿದ. ಹೀಗೆ ಹನ್ನೆರಡು ವರ್ಷ. ಏಳು ಜೊತೆ ಚಪ್ಪಲಿ ಸವೆದವು ಅಂತಾರೆ. ಹದಿನೇಳು ಅನ್ನುವವರೂ ಇದ್ದಾರೆ.

ಎಲ್ಲ ಆಯಿತು, ಎಂಜಿನ್ನಿನ ಬಣ್ಣ ಒಂದು ಸಿಗಲಿಲ್ಲ. ಅರ್ಧ ಜನ ಹಸಿರು ಅಂತ ಆಣೆ ಮಾಡಿದರು, ಅರ್ಧ ಜನ ಕಪ್ಪು ಅಂತ. ಒಂದೇ ಮನೆಯಲ್ಲಿ ಅಣ್ಣ ಹಸಿರು ಅಂದರೆ ತಂಗಿ ಕಪ್ಪು ಅನ್ನುತ್ತಿದ್ದಳು. ಊರ ದೇಸಾಯಿ ಆ ತಗಡಿನ ರೈಲನ್ನು ಮಗಳ ಮದುವೆ ಹಂದರದಲ್ಲಿ ಇಡಬೇಕೆಂದು, ಕೆಂಪು ಬಣ್ಣ ಹಚ್ಚಿಕೊಡು, ಮನೆಗೆ ಜಾಗ ಕೊಡುತ್ತೇನೆ ಅಂದ. ಮೋದಿನಸಾಬ ಕೈಮುಗಿದ.

"ಯಾರೂ ಕಾಣದ ಬಣ್ಣ ನಾ ಹಚ್ಚಂಗಿಲ್ರಿ ಧಣ್ಯಾರ."

ಮೂರು ವರ್ಷ ಎಂಜಿನ್ನು ಬರೀ ತಗಡಾಗಿಯೇ ಕೂತಿತು. ಜನ ನಕ್ಕರು. ಅವನು ಕಾದ.

ಆಮೇಲೆ ಒಂದು ಸುದ್ದಿ ಬಂತು. ಆ ರೈಲು ಓಡಿಸುತ್ತಿದ್ದ ಡ್ರೈವರ್ ಅಂತೋನಪ್ಪ ದೂರದ ಊರಲ್ಲಿ ಮಗಳ ಮನೆಯಲ್ಲಿ ಇನ್ನೂ ಬದುಕಿದ್ದಾನೆ. ಮೋದಿನಸಾಬ ರೈಲನ್ನು ಕಂಬಳಿಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು, ನಾಲ್ಕು ದಿನ ನಡೆದು ಹೋದ. ಹೋಗಿ ನೋಡಿದರೆ ಮುದುಕನಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ.

ಅಂತೋನಪ್ಪ ಎಂಜಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದ. ಗಾಲಿ ಎಣಿಸಿದ. ಎಡಬದಿಗೆ ಅವನ ಬೆರಳು ನಿಂತಿತು.

"ಇಲ್ಲೊಂದು ಹಿಡಿ ಇತ್ತು. ಅದನ್ನ ಹಿಡಕೊಂಡು ನಾ ಹೊರಗ ಬಾಗಿ ನೋಡ್ತಿದ್ದೆ."

ಎರಡನೇ ಸಾಕ್ಷಿ ಬೇಕು ಅಂತ ಮೋದಿನಸಾಬ ಕೇಳಲಿಲ್ಲ. ಜೀವಮಾನದಲ್ಲಿ ಅದೊಂದೇ ಸಲ ಕಟ್ಟಳೆ ಮುರಿದ ಅಂತಾರೆ. ಅಂಗಳದಲ್ಲೇ ಕೆಂಡ ಮಾಡಿ ಹಿಡಿ ಬೆಸೆದುಕೊಟ್ಟ. ಮುದುಕ ಅದನ್ನು ಎರಡು ಬೆರಳಲ್ಲಿ ಹಿಡಿದು, ಹೊರಗೆ ನೋಡುವವನಂತೆ ಪಕ್ಕಕ್ಕೆ ಬಾಗಿದ.

"ಇದು ನನ್ನ ಗಾಡಿ," ಅಂದ. "ನೀ ಇಮಾಮನ ಮಗ ಹೌದಲ್ಲೋ? ಅವನೂ ಹಿಂಗ, ಕೆಲಸ ಅರ್ಧಕ್ಕ ಬಿಡಾಂವ ಅಲ್ಲ."

ಬಣ್ಣದ ಮಾತೂ ಅಲ್ಲೇ ಬಗೆಹರಿಯಿತು. ಎಂಜಿನ್ನು ಮೊದಲು ಹಸಿರಿತ್ತು ಅಂತ ಅಂತೋನಪ್ಪನೇ ಹೇಳಿದ. ಒಮ್ಮೆ ರಿಪೇರಿಗೆ ಹೋಗಿ ಬರುವಾಗ ಕಪ್ಪಾಗಿ ಬಂತು. ಯಾರೂ ಸುಳ್ಳು ಹೇಳಿರಲಿಲ್ಲ. ಮೋದಿನಸಾಬ ಊರಿಗೆ ಬಂದು ಮೊದಲು ಹಸಿರು ಹಚ್ಚಿದ, ಎಂಟು ದಿನ ಒಣಗಲು ಬಿಟ್ಟ, ಅದರ ಮೇಲೆ ಕಪ್ಪು ಹಚ್ಚಿದ. ಮಾಸ್ತರ ತಾನಾಗಿಯೇ ಬಂದು ನೋಡಿದ. ಮರುದಿನ ಶಾಲೆಯ ನಕ್ಷೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆದು ಎಂಟು ಚುಕ್ಕೆ ಇಟ್ಟ.

ಮೋದಿನಸಾಬ ತೀರಿಕೊಂಡ ದಿನ ಬಂದರೆ ಈಗಲೂ ಎಂಟೂ ಊರಿನವರು ಆ ರೈಲನ್ನು ಹೊತ್ತು, ಹಳಿ ಇದ್ದ ದಾರಿಯಲ್ಲೇ ನಡೆಯುತ್ತಾರೆ. ರೈಲು ಎರಡು ನಿಮಿಷ ನಿಲ್ಲುತ್ತಿದ್ದ ಕಡೆ ಎರಡೇ ನಿಮಿಷ ನಿಲ್ಲುತ್ತಾರೆ. ಅಲ್ಲಲ್ಲಿ ಕಪ್ಪು ಸವೆದು ಹಸಿರು ಕಾಣುತ್ತದೆ, ಅದನ್ನು ಮುಚ್ಚಲು ಯಾರೂ ಬಿಡುವುದಿಲ್ಲ. ಒಂದು ಕಡೆ ಆ ದಾರಿಗೆ ಅಡ್ಡ ಡಾಂಬರು ರಸ್ತೆ ಹೋಗಿದೆ. ಅಲ್ಲಿ ಗೇಟಿಲ್ಲ, ಹಳಿಯಿಲ್ಲ, ಬಾವುಟ ತೋರಿಸುವವರಿಲ್ಲ. ಆದರೂ ಆ ದಿನ ಬಸ್ಸು, ಟ್ರ್ಯಾಕ್ಟರು ಎರಡೂ ಬದಿಗೆ ತಾವಾಗಿಯೇ ನಿಲ್ಲುತ್ತವೆ. ರೈಲು ದಾಟಿದ ಮೇಲೆಯೇ ಅವು ಹೊರಡುವುದು.